ಕಣ್ಣಿಗೆ ಕಾಣದ ಸಾಮಾನಿನ ಚಿತ್ರ

ಅದು ಎಂಬತ್ತೇಳನೇ ಇಸವಿಯ ಬೇಸಿಗೆ. ಗಂಗಾವತಿಯಲ್ಲಿ ಅಕ್ಕಿ ಗಿರಣಿ ಯಂತ್ರಗಳ ಮೂರು ದಿನದ ವಸ್ತುಪ್ರದರ್ಶನ ನಡೆಯಿತು. ಅಲ್ಲಿ ನಾನು ನೋಡಿದ್ದನ್ನು ಹಲವರಿಗೆ ಹೇಳಿದ್ದೇನೆ. ಮಾಡಿದ್ದನ್ನು ಮಾತ್ರ ಯಾರಿಗೂ ಹೇಳಿಲ್ಲ. ಈಗ ಎರಡನ್ನೂ ಬರೆಯುತ್ತಿದ್ದೇನೆ.

ಆಗ ನನಗೆ ಇಪ್ಪತ್ತೊಂಬತ್ತು ವರ್ಷ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನನ್ನದು ಬೋರ್ಡ್ ಬರೆಯುವ ಅಂಗಡಿ. ಓದಿದ್ದು ನಾಲ್ಕನೇ ತರಗತಿ. ಹನ್ನೆರಡನೇ ವಯಸ್ಸಿಗೆ ಕೊಪ್ಪಳದ ಒಬ್ಬ ಪೇಂಟರ್ ಹತ್ತಿರ ಕೆಲಸ ಕಲಿಯಲು ಬಿಟ್ಟಿದ್ದರು. ಕಿರಾಣಿ ಅಂಗಡಿ, ಗೊಬ್ಬರದ ಅಂಗಡಿ, ಲಾರಿಯ ಹಣೆ, ಮದುವೆಯ ಬ್ಯಾನರ್, ಏನು ಬಂದರೂ ಬರೆಯುತ್ತಿದ್ದೆ. ಇಂಗ್ಲಿಷ್ ಅಕ್ಷರಗಳನ್ನು ಅರ್ಥ ತಿಳಿಯದಿದ್ದರೂ ಆಕಾರ ನೋಡಿ ತಪ್ಪಿಲ್ಲದೆ ಇಳಿಸುತ್ತಿದ್ದೆ. ಅಕ್ಷರದಲ್ಲಿ ನನ್ನ ಕೈ ಗಟ್ಟಿ. ಚಿತ್ರಗಳನ್ನು ಮಾತ್ರ ಕ್ಯಾಲೆಂಡರ್ ನೋಡಿ ಚೌಕ ಎಳೆದು ತೆಗೆಯಬೇಕಿತ್ತು. ಊರಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ. ಎಲ್ಲರೂ ‘ಈರಣ್ಣ ಪೇಂಟರ್’ ಎಂದು ಗೌರವದಿಂದ ಕರೆಯುತ್ತಿದ್ದರು.

ನನ್ನ ತಂಗಿ ಹುಲಿಗೆವ್ವ ನನಗಿಂತ ಒಂಬತ್ತು ವರ್ಷ ಚಿಕ್ಕವಳು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಅಪ್ಪ ತೀರಿಕೊಂಡ ಮೇಲೆ ಅವ್ವ ಮತ್ತು ಅವಳು ನಮ್ಮ ಹುಟ್ಟೂರು ಕಾರಟಗಿ ಬಿಟ್ಟು ನನ್ನ ಹತ್ತಿರ ಬಂದಿದ್ದರು. ಬಣ್ಣ ಕಲಸುವುದು, ಬ್ರಷ್ ತೊಳೆಯುವುದು, ನಾನು ಗೆರೆ ಎಳೆದುಕೊಟ್ಟ ಅಕ್ಷರದೊಳಗೆ ಬಣ್ಣ ತುಂಬುವುದು ಅವಳ ಕೆಲಸ. ಉಳಿದ ಬಣ್ಣದಲ್ಲಿ ರಟ್ಟಿನ ಮೇಲೆ ಏನಾದರೂ ಬರೆಯುತ್ತಿರುತ್ತಿದ್ದಳು. ನಾನು ಆ ರಟ್ಟುಗಳನ್ನು ಸರಿಯಾಗಿ ತಿರುಗಿಸಿ ನೋಡಿದವನಲ್ಲ. ಅವುಗಳ ಮೇಲೆಯೇ ಬ್ರಷ್ ಒರೆಸುತ್ತಿದ್ದೆ.

ಪ್ರದರ್ಶನಕ್ಕೆ ಎಂಟು ದಿನವಿರುವಾಗ ಅಂಗಡಿಗೆ ಒಬ್ಬ ಯುವಕ ಬಂದ. ಹೆಸರು ಶ್ರೀಧರ, ಊರು ಬೆಂಗಳೂರು, ಕೆಲಸ ಹೈದರಾಬಾದಿನ ಒಂದು ಕಂಪನಿಯಲ್ಲಿ. ಪ್ರದರ್ಶನದಲ್ಲಿ ಅವರದೂ ಒಂದು ಮಳಿಗೆ. ಅದರ ಹಿಂಬದಿಗೆ ಹನ್ನೆರಡು ಅಡಿ ಅಗಲ, ಎಂಟು ಅಡಿ ಎತ್ತರದ ಬಟ್ಟೆಯ ಮೇಲೆ ಚಿತ್ರ ಬೇಕಾಗಿತ್ತು.

“ಏನ್ ಮಾರ್ತೀರ್ರಿ ನೀವು?” ಎಂದೆ.

“ಸಾಫ್ಟ್‌ವೇರ್.”

ನನಗೆ ಕೇಳಿಸಿದ್ದು ಮೊದಲಿನ ‘ಸಾಫ್’ ಮಾತ್ರ. ನಮ್ಮ ಕಡೆ ಸಾಫ್ ಎಂದರೆ ಸ್ವಚ್ಛ. ಗಿರಣಿಯವರ ಪ್ರದರ್ಶನ ಬೇರೆ. “ಗೊತ್ತಾತ್ ಬಿಡ್ರಿ. ಅಕ್ಕಿ ಸಾಫ್ ಮಾಡೂ ಮಿಷಿನ್ನು. ಕಲ್ಲು, ನುಚ್ಚು, ಹೊಟ್ಟು ಎಲ್ಲಾ ಬ್ಯಾರೆ ಬ್ಯಾರೆ ಬರೂ ಹಂಗ ತೆಗಿತೀನಿ” ಎಂದೆ.

ಅವನು ನಕ್ಕು ನಕ್ಕು ಸ್ಟೂಲಿನ ಮೇಲೆ ಕೂತುಬಿಟ್ಟ. ಆಮೇಲೆ ಒಂದು ಹಾಳೆ ತೆಗೆದು ತೋರಿಸಿದ. ಅದರಲ್ಲಿ ಟಿವಿಯಂಥ ಒಂದು ಪೆಟ್ಟಿಗೆಯ ಚಿತ್ರ. “ಇದು ಕಂಪ್ಯೂಟರ್. ಇದು ನಮ್ಮದಲ್ಲ, ಬೇರೆಯವರು ಮಾಡಿದ್ದು. ಇದರ ಒಳಗೆ ಲೆಕ್ಕ ಹಾಕೋ ಒಂದು ಕ್ರಮ ಇರುತ್ತೆ. ಗಿರಣಿಗೆ ಯಾವ ಭತ್ತ ಎಷ್ಟು ಚೀಲ ಬಂತು, ಎಷ್ಟು ಅಕ್ಕಿ ಆಯ್ತು, ಯಾವ ಗೋದಾಮಿನಲ್ಲಿದೆ, ಎಲ್ಲಾ ಹೇಳುತ್ತೆ. ಆ ಕ್ರಮ ನಮ್ಮದು.”

“ಹಂಗಾರ ಆ ಕ್ರಮಾನ ತೋರಿಸ್ರಿ. ನೋಡಿ ಬರಿತೀನಿ.”

“ಅದೇ ತೊಂದರೆ ಈರಣ್ಣನೋರೆ. ಅದು ಕಣ್ಣಿಗೆ ಕಾಣಲ್ಲ. ಎರಡು ಊರಲ್ಲಿ ಮಳಿಗೆ ಹಾಕಿದ್ವಿ. ಜನ ಬರ್ತಾರೆ, ಟಿವಿ ಅಂದ್ಕೋತಾರೆ, ಸಿನಿಮಾ ಹಾಕಿ ಅಂತಾರೆ, ಹೋಗ್ತಾರೆ.”

ಮೂಲೆಯಲ್ಲಿ ಬ್ರಷ್ ತೊಳೆಯುತ್ತಿದ್ದ ಹುಲಿಗೆವ್ವ ತಲೆ ಎತ್ತಿದಳು. “ಸಾಹೇಬ್ರ, ಈ ಪೆಟಗಿ ಒಡದ್ಹೋಗಿ ಬ್ಯಾರೆ ಪೆಟಗಿ ತಂದ್ರ, ಒಳಗಿಂದು ಹೋಗಿಬಿಡ್ತೈತೊ, ಉಳಿತೈತೊ?”

ಶ್ರೀಧರ ಅವಳ ಕಡೆ ತಿರುಗಿದ. “ಉಳಿಯುತ್ತಮ್ಮ. ಹೊಸ ಪೆಟ್ಟಿಗೇಲಿ ಅದನ್ನೇ ಹಾಕಬಹುದು.”

“ಹಂಗಾರ ಗೊತ್ತಾತ್ರಿ” ಎಂದಳು.

“ಏನ್ ಗೊತ್ತಾತಲೇ ನಿನಗ? ಸುಮ್ನ ಬ್ರಷ್ ತೊಳಿ” ಎಂದು ನಾನು ಗದರಿದೆ. ನನಗೇ ತಿಳಿಯದ ವಿಷಯ ಇವಳಿಗೇನು ತಿಳಿದೀತು ಎಂಬ ಧಿಮಾಕು.

ಆ ಹಾಳೆಯನ್ನು ನಮ್ಮಲ್ಲೇ ಬಿಟ್ಟು, ನಿಮಗೆ ತೋಚಿದಂತೆ ಬರೆಯಿರಿ ಎಂದು ಹೇಳಿ ಶ್ರೀಧರ ಹೋದ. ಸಂಜೆ ರೊಟ್ಟಿ ಬಡಿಸುವಾಗ ಹುಲಿಗೆವ್ವ ಕೇಳಿದಳು, “ಅಣ್ಣಾ, ಇದೊಂದ ನಾ ಬರಿಲೇನು? ಬರೇ ಇದೊಂದ.” ಅವಳು ನನ್ನನ್ನು ಏನಾದರೂ ಕೇಳಿದ್ದು ಅದೇ ಮೊದಲು ಎಂದು ಕಾಣುತ್ತದೆ.

“ನೋಡೂಣಂತ” ಎಂದೆ. ಆಗಲಿ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ.

ಮರುದಿನವೇ ನಾನು ಕುಷ್ಟಗಿಗೆ ಹೋಗಬೇಕಿತ್ತು. ಕುಷ್ಟಗಿಯಿಂದ ಯಲಬುರ್ಗಾದವರೆಗೆ ರಸ್ತೆ ಬದಿಯ ಗೋಡೆಗಳ ಮೇಲೆ ಒಂದು ಬೀಜದ ಕಂಪನಿಯ ಜಾಹೀರಾತು ಬರೆಯುವ ಕೆಲಸ ಮೊದಲೇ ಒಪ್ಪಿಕೊಂಡಿದ್ದೆ. ಬಟ್ಟೆ ಹೊಲಿಸಿ, ಚೌಕಟ್ಟಿಗೆ ಬಿಗಿದು, ಸರೇಸಿನ ಅಂಟು ಹಚ್ಚಿ ಇಡಲು ತಂಗಿಗೆ ಹೇಳಿ ಹೋದೆ. ಆರು ದಿನ ಬಿಸಿಲಲ್ಲಿ ಏಣಿ ಹೊತ್ತು ತಿರುಗಿದೆ. ಕಾಣದ ಸಾಮಾನನ್ನು ಹೇಗೆ ತೋರಿಸುವುದು ಎಂದು ಪ್ರತಿ ಗೋಡೆಯ ಮುಂದೆಯೂ ಯೋಚಿಸಿದೆ. ಏನೂ ಹೊಳೆಯಲಿಲ್ಲ. ಕೊನೆಗೆ ಹಾಳೆಯಲ್ಲಿದ್ದ ಪೆಟ್ಟಿಗೆಯನ್ನೇ ದೊಡ್ಡದಾಗಿ ಬರೆದು, ಹಿಂದೆ ಒಂದು ಭೂಗೋಳ, ಸುತ್ತ ಹಳದಿ ಕಿರಣ ಎಳೆದರಾಯಿತು ಎಂದುಕೊಂಡೆ.

ಪ್ರದರ್ಶನದ ಹಿಂದಿನ ದಿನ ಬೆಳಿಗ್ಗೆ ಗಂಗಾವತಿಗೆ ಬಂದು ಇಳಿದೆ. ಅಂಗಡಿಯ ಹಿಂದಿನ ಅಂಗಳಕ್ಕೆ ಕಾಲಿಟ್ಟವನು ಅಲ್ಲೇ ನಿಂತುಬಿಟ್ಟೆ.

ಬಟ್ಟೆಯ ತುಂಬ ಅಪ್ಪ ಕೂತಿದ್ದ.

ನಮ್ಮಪ್ಪ ಹನುಮಪ್ಪ ಕಾರಟಗಿ ಪೇಟೆಯಲ್ಲಿ ಕಾಳು ಅಳೆಯುವವನಾಗಿದ್ದ. ತೂಕದ ಕಾಟಾ ಬರುವ ಮೊದಲು ರಾಶಿಯ ಮುಂದೆ ಮೊಣಕಾಲೂರಿ ಕೂತು ಕೊಳಗದಿಂದ ಅಳೆದು ಹಾಕುತ್ತಿದ್ದ. ಒಂದೊಂದು ಕೊಳಗಕ್ಕೂ ಗಟ್ಟಿಯಾಗಿ ಎಣಿಕೆ ಕೂಗುತ್ತಿದ್ದ. ನಮ್ಮಲ್ಲಿ ಅಳೆಯುವವರು ‘ಒಂದು’ ಎನ್ನುವುದಿಲ್ಲ. ಒಂದರ ಬದಲು ‘ಲಾಭ’ ಎನ್ನುತ್ತಾರೆ. ಲಾಭ, ಎರಡು, ಮೂರು, ಹೀಗೆ.

ಹುಲಿಗೆವ್ವ ಬರೆದದ್ದು ಅದನ್ನು. ಎಡಗಡೆ ಕಾಳು ಸುರುವಿದ ಹಾಗೆ ಹೇಗೆಂದರೆ ಹಾಗೆ ಬಿದ್ದಿದೆ. ನಡುವೆ ಅಪ್ಪ ಕೊಳಗ ಎತ್ತಿ ಹಿಡಿದಿದ್ದಾನೆ. ಅವನ ಬಾಯಿಯಿಂದ ಬಂಗಾರದ ಬಣ್ಣದ ಕಾಳುಗಳ ಒಂದು ಸಾಲು ಹೊರಟು ಗಾಳಿಯಲ್ಲಿ ಬಲಗಡೆಗೆ ಸಾಗುತ್ತದೆ. ಆ ಸಾಲು ಹಾದುಹೋದ ಕೆಳಗೆಲ್ಲ ಚೆಲ್ಲಾಪಿಲ್ಲಿ ಕಾಳು ಒಂದರ ಪಕ್ಕ ಒಂದು ಬಂದು ನಿಲ್ಲುತ್ತದೆ, ಸಾಲಾಗುತ್ತದೆ, ತುದಿಯಲ್ಲಿ ಚೀಲವಾಗುತ್ತದೆ. ಒಂದು ಅಕ್ಷರವಿಲ್ಲ. ಪೆಟ್ಟಿಗೆಯೂ ಇಲ್ಲ. ಆದರೆ ನೋಡುತ್ತ ನಿಂತರೆ ಎಣಿಕೆ ಕಿವಿಗೆ ಕೇಳಿಸುತ್ತದೆ!

ಅಪ್ಪನ ಕಣ್ಣು ಮುಚ್ಚಿತ್ತು. ಆಗ ನನಗೆ ನೆನಪಾಯಿತು. ಎಣಿಸುವಾಗ ಅಪ್ಪ ಕಣ್ಣು ಮುಚ್ಚುತ್ತಿದ್ದ, ಯಾರು ಮಾತನಾಡಿಸಿದರೂ ಎಣಿಕೆ ತಪ್ಪಬಾರದೆಂದು. ನಾನು ಅದನ್ನು ಮರೆತೇಬಿಟ್ಟಿದ್ದೆ. ನಾನು ಕೊಪ್ಪಳದಲ್ಲಿ ಪರರ ಮನೆಯಲ್ಲಿ ಬಣ್ಣ ಅರೆಯುತ್ತಿದ್ದಾಗ ಅಪ್ಪ ಇವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಪೇಟೆಗೆ ಹೋಗುತ್ತಿದ್ದ. ಅವಳು ನೋಡಿದ್ದ ಅಪ್ಪನನ್ನು ನಾನು ನೋಡಿರಲಿಲ್ಲ.

ಆ ಚಿತ್ರದ ಮುಂದೆ ನನ್ನ ಮೈ ಜುಮ್ಮೆಂದಿತು. ಅದು ನಿಜ. ಮರುಕ್ಷಣವೇ ಅಸೂಯೆಯಾಯಿತು. ಅದೂ ನಿಜ. ಹದಿನೇಳು ವರ್ಷ ಬ್ರಷ್ ಹಿಡಿದ ನನ್ನ ಕೈಯಿಂದ ಹೀಗೆ ಉಸಿರಾಡುವ ಒಬ್ಬ ಮನುಷ್ಯ ಹುಟ್ಟಿರಲಿಲ್ಲ.

ಹುಲಿಗೆವ್ವ ಕೈಗೆಲ್ಲ ಬಣ್ಣ ಮಾಡಿಕೊಂಡು ಬಾಗಿಲಲ್ಲಿ ನಿಂತಿದ್ದಳು. “ಮ್ಯಾಲ ಪಟ್ಟಿ ಖಾಲಿ ಬಿಟ್ಟೀನಣ್ಣಾ. ಕಂಪನಿ ಹೆಸರು ನೀ ಬರಿ. ನಿನ್ನ ಅಕ್ಷರಾ ಇದ್ರನ ಇದಕ ಶೋಭಾ” ಎಂದಳು.

“ಬುದ್ಧಿ ಐತೇನ ನಿನಗ?” ಎಂದೆ. “ಅವರು ಕಂಪ್ಯೂಟರ್ ಮಾರಾಕ ಬಂದಾರ. ನೀ ಅಪ್ಪನ್ನ ತಂದು ಕುಂದ್ರಿಸಿ.”

“ಪೆಟಗಿ ಅಲ್ಲೇ ಮೇಜಿನ ಮ್ಯಾಲ ಇರ್ತೈತಲ್ಲ. ಕಾಣೂದನ್ನ ಮತ್ಯಾಕ ಬರೀಬೇಕು? ಕಾಣದ್ದನ್ನ ಬರಿ ಅಂದಾರ.”

“ನನ್ನ ಹೆಸರು ಕೆಡಿಸಬ್ಯಾಡ” ಎಂದು ಕೂಗಿದೆ. ಅವಳು ಬಟ್ಟೆಯ ಗಂಟು ಎತ್ತಿಕೊಂಡು ಕಾಲುವೆಗೆ ಒಗೆಯಲು ಹೋದಳು.

ಅವಳು ಓಣಿಯ ತಿರುವು ದಾಟಿದ್ದೇ ನಾನು ಬಿಳಿ ಡಿಸ್ಟೆಂಪರ್ ಬಕೆಟ್ ಎಳೆದೆ. ಅವಳು ಬರೆದಿದ್ದು ಎಣ್ಣೆ ಬಣ್ಣದಲ್ಲಿ, ಡಿಸ್ಟೆಂಪರ್ ನೀರಿನದು. ಎಣ್ಣೆಯ ಮೇಲೆ ನೀರು ನಿಲ್ಲುವುದಿಲ್ಲ. ಇದು ನಮ್ಮ ಕಸುಬಿನ ಮೊದಲ ಪಾಠ, ಅವಳಿಗೆ ನಾನೇ ಕಲಿಸಿದ್ದು. ಆದರೆ ಎಣ್ಣೆ ಬಣ್ಣ ಹಚ್ಚಿದರೆ ನಾಳೆಗೆ ಒಣಗುವುದಿಲ್ಲ. ಅಲ್ಲದೆ ಆ ಹೊತ್ತಿಗೆ ಪಾಠ ಯಾರಿಗೆ ಬೇಕಾಗಿತ್ತು? ದೊಡ್ಡ ಬ್ರಷ್ ತೆಗೆದುಕೊಂಡು ಮೊದಲು ಕಾಳಿನ ಸಾಲು, ಆಮೇಲೆ ಕೊಳಗ, ಆಮೇಲೆ ಕೈ, ಕೊನೆಗೆ ಅಪ್ಪನ ಮುಖದ ಮೇಲೆ ಬಿಳಿ ಎಳೆದೆ. ಒಂದು ಸಲಕ್ಕೆ ಮುಖ ಮುಚ್ಚಲಿಲ್ಲ. ಎರಡನೇ ಸಲ ಎಳೆದೆ.

ಅವಳು ಹಿಂದಿರುಗಿದಾಗ ಬಟ್ಟೆ ಸುಣ್ಣದ ಗೋಡೆಯ ಹಾಗೆ ಬೆಳ್ಳಗಿತ್ತು. ಒದ್ದೆ ಬಟ್ಟೆಯ ಗಂಟನ್ನು ತಲೆಯ ಮೇಲೆ ಹೊತ್ತೇ ಅವಳು ಅದನ್ನು ನೋಡಿದಳು. ಅಳಲಿಲ್ಲ. ಗಂಟು ಇಳಿಸಿ, ನಾನು ಎಸೆದಿದ್ದ ಬ್ರಷ್ ಎತ್ತಿಕೊಂಡು ನೀರಲ್ಲಿ ಅದ್ದಿ ತೊಳೆಯತೊಡಗಿದಳು. ಆಮೇಲೆ ತಲೆ ಎತ್ತದೆಯೇ ಹೇಳಿದಳು, “ಎಣ್ಣಿ ಮ್ಯಾಲ ನೀರು ಹಚ್ಚಿಯಲ್ಲಣ್ಣಾ. ಉದರತೈತಿ.”

“ಮೂರ್ ದಿನ ನಿಂತ್ರ ಸಾಕು” ಎಂದೆ.

ಬಿಳಿ ಒಣಗಿದ ಮೇಲೆ ಸಂಜೆಯೊಳಗೆ ಪೆಟ್ಟಿಗೆ, ಭೂಗೋಳ, ಕಿರಣ ಎಲ್ಲ ಬರೆದು ಮುಗಿಸಿದೆ. ಕೆಳಗೆ ಬಲ ಮೂಲೆಯಲ್ಲಿ ‘ಈರಣ್ಣ ಪೇಂಟರ್, ಗಂಗಾವತಿ’ ಎಂದು ನನ್ನ ಹೆಸರೂ ಹಾಕಿದೆ. ಶ್ರೀಧರ ಬಂದು ನೋಡಿ, “ಹ್ಞೂಂ, ನೀಟಾಗಿದೆ” ಎಂದ. ಆ ಧ್ವನಿಯಲ್ಲಿ ಜೀವವಿರಲಿಲ್ಲ.

ಚಿತ್ರ ಕಟ್ಟಿಕೊಟ್ಟು ನಾನೂ ಮಳಿಗೆಯಲ್ಲೇ ಇದ್ದೆ. ಮೊದಲ ದಿನ ಅವನು ಹೇಳಿದಂತೆಯೇ ಆಯಿತು. ಗಿರಣಿ ಮಾಲೀಕರು, ರೈತರು, ಹಮಾಲರು ಎಲ್ಲ ಬಂದರು. “ಕಲರ್ ಟಿವಿ ಏನ್ರಿ?” “ವಿಸಿಆರ್ ಹಚ್ಚತಾರಂತ, ನಿಂದ್ರು” ಎನ್ನುತ್ತ ಹತ್ತು ನಿಮಿಷ ನಿಂತು ಹೋದರು. ಒಬ್ಬ ಮುದುಕ ನನ್ನ ಭೂಗೋಳ ತೋರಿಸಿ, “ಕುಂಬಳಕಾಯಿ ಭಾಳ ಛಲೋ ಬಂದೈತಿ” ಎಂದ. ಶ್ರೀಧರ ಮಾತಾಡಿ ಮಾತಾಡಿ ಗಂಟಲು ಕಟ್ಟಿಸಿಕೊಂಡ.

ಎರಡನೇ ದಿನ ಮಧ್ಯಾಹ್ನ. ತಗಡಿನ ಮಾಡಿನ ಕೆಳಗೆ ಬಿಸಿಲು ಕುದಿಯುತ್ತಿತ್ತು. ನಮ್ಮ ಪಕ್ಕದ ಮಳಿಗೆಯಲ್ಲಿ ಅಕ್ಕಿ ಪಾಲಿಶ್ ಮಾಡುವ ದೊಡ್ಡ ಯಂತ್ರವನ್ನು ಜನರಿಗೆ ತೋರಿಸಲು ಮೊದಲ ಸಲ ಚಾಲೂ ಮಾಡಿದರು. ನೆಲವೇ ನಡುಗತೊಡಗಿತು. ನಮ್ಮ ಬೊಂಬಿನ ಚೌಕಟ್ಟೂ ನಡುಗಿತು. ಟಪ್ ಎಂದು ಏನೋ ಬಿತ್ತು. ನೋಡಿದರೆ ಅಂಗೈಯಷ್ಟು ಬಿಳಿ ಹಕ್ಕಳೆ, ಕಂಪ್ಯೂಟರಿನ ಗುಂಡಿಗಳ ಮೇಲೆ. ಹಿಂದೆಯೇ ಇನ್ನೊಂದು. ಭೂಗೋಳದ ಅರ್ಧ ಸುರುಳಿ ಸುತ್ತಿಕೊಂಡು ಜೋತುಬಿತ್ತು.

ಶ್ರೀಧರ ಹೌಹಾರಿ ತನ್ನ ಟವೆಲ್ಲನ್ನು ಕಂಪ್ಯೂಟರಿನ ಮೇಲೆ ಎಸೆದ. “ಏನ್ರೀ ಇದು! ಒಳಗೆ ಧೂಳು ಹೋದ್ರೆ ಇದು ಕೆಟ್ಟೇಹೋಗುತ್ತೆ! ಯಾರ್ರೀ ಹೀಗೆ ಬಣ್ಣ ಹಚ್ಚಿದ್ದು?”

ಸುತ್ತ ಜನ ಸೇರಿದ್ದರು. ನನ್ನ ಗಿರಾಕಿಗಳೇ ಹತ್ತಾರು ಮಂದಿ ಅಲ್ಲಿದ್ದರು. ನಾನು ಹೇಳಿದೆ, “ನನ್ನ ತಂಗಿರಿ. ಓದಿಲ್ಲ, ಬರದಿಲ್ಲ. ಬಣ್ಣ ತಪ್ಪಿ ಕಲಸ್ಯಾಳ.”

ಹೇಳಿ ತಿರುಗಿದರೆ ಹುಲಿಗೆವ್ವ ನನ್ನ ಬುತ್ತಿಯ ಗಂಟು ಹಿಡಿದು ಎರಡೇ ಹೆಜ್ಜೆ ಹಿಂದೆ ನಿಂತಿದ್ದಳು. ನನ್ನ ಮಾತು ಅವಳಿಗೆ ಕೇಳಿಸಿತ್ತು. ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ. ಗುರುತಿಲ್ಲದ ಯಾರನ್ನೋ ನೋಡುವ ಹಾಗೆ ನನ್ನನ್ನು ನೋಡಿದಳು.

ಶ್ರೀಧರ ಅವಳ ಕಡೆ ತಿರುಗಿ, “ಏನಮ್ಮಾ, ನೀನೇನಾ ಕಲಸಿದ್ದು?” ಎಂದ. ನಾನು ನೆಲ ನೋಡಿದೆ.

“ಹೌದ್ರಿ. ತಪ್ಪಾತ್ರಿ” ಎಂದಳು ಅವಳು.

ಅಷ್ಟರಲ್ಲಿ ಎಲ್ಲರೂ ಬಟ್ಟೆಯ ಕಡೆ ನೋಡುತ್ತಿದ್ದರು. ಭೂಗೋಳ ಬಿದ್ದ ಜಾಗದಲ್ಲಿ ಒಂದು ಕೈ ಕಾಣುತ್ತಿತ್ತು, ಕೊಳಗ ಎತ್ತಿ ಹಿಡಿದ ಕೈ. ಯಂತ್ರದ ನಡುಕಕ್ಕೆ ಇನ್ನೊಂದು ಹಕ್ಕಳೆ ಕಳಚಿತು. ಬಂಗಾರದ ನಾಲ್ಕು ಕಾಳು ಹೊಳೆದವು. ನಾನು ಬರೆದ ಪೆಟ್ಟಿಗೆ ನಡುವೆ ಬಿರುಕು ಬಿಟ್ಟು, ಬಾಗಿಲು ತೆರೆದಂತೆ ಎರಡು ಕಡೆಗೆ ಬಾಗಿ ಉದುರಿತು. ಒಳಗಿನಿಂದ ಅಪ್ಪನ ಮುಖ ಹೊರಗೆ ಬಂತು, ಮುಚ್ಚಿದ ಕಣ್ಣು, ತೆರೆದ ಬಾಯಿ. ನಾನು ಎರಡು ಸಲ ಬಿಳಿ ಎಳೆದ ಮುಖ.

ಅಂಥದ್ದನ್ನು ಅದಕ್ಕೂ ಮೊದಲು ನಾನು ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ಯಾರೋ ಪಾಲಿಶ್ ಯಂತ್ರ ನಿಲ್ಲಿಸಿದರು. ಅಷ್ಟು ಜನರಿದ್ದ ಮಾಡಿನ ಕೆಳಗೆ ಹಕ್ಕಳೆ ನೆಲಕ್ಕೆ ಬೀಳುವ ಸಪ್ಪಳ ಕೇಳಿಸುತ್ತಿತ್ತು.

ಪಕ್ಕದ ಮಳಿಗೆಗೆ ಯಂತ್ರ ಹೊತ್ತು ತಂದಿದ್ದ ಹಮಾಲರಲ್ಲಿ ಖಾಸೀಮಸಾಬ ಎಂಬ ಮುದುಕನೊಬ್ಬನಿದ್ದ. ಅವನು ಜನರನ್ನು ಸರಿಸಿಕೊಂಡು ಮುಂದೆ ಬಂದ. ಬಟ್ಟೆಯ ಹತ್ತಿರ ಮುಖ ಒಯ್ದು ನೋಡಿದ. “ಅರೆ! ಇಂವ ನಮ್ಮ ಹನುಮಪ್ಪ ಅಲ್ಲೇನು? ಕಾರಟಗಿ ಕೊಳಗದ ಹನುಮಪ್ಪ! ಯಾ ಅಲ್ಲಾ, ಹಂಗ ಕಣ್ಣ ಮುಚ್ಯಾನ ನೋಡ್ರೋ!” ಎಂದ. ಬಾಯಿಯಿಂದ ಹೊರಟ ಕಾಳಿನ ಸಾಲಿನ ಮೊದಲ ಕಾಳಿಗೆ ಬೆರಳು ತೋರಿಸಿ, ಪೇಟೆಯಲ್ಲಿ ಕೂಗುತ್ತಿದ್ದ ಹಾಗೆಯೇ ಉದ್ದಕ್ಕೆ ಎಳೆದು ಕೂಗಿದ, “ಲಾ...ಭಾ!”

ಹಿಂದಿದ್ದ ಇಬ್ಬರು ಹಮಾಲರು ತಾವಾಗಿಯೇ “ಎರಡೋ” ಎಂದರು. ‘ಮೂರು’ ಎನ್ನುವಾಗ ರೈತರೂ ಸೇರಿದರು. ಖಾಸೀಮಸಾಬನ ಬೆರಳು ಉಳಿದ ಹಕ್ಕಳೆ ಸರಿಸಿ ಒಂದೊಂದೇ ಕಾಳು ಮುಟ್ಟುತ್ತ ಹೋಯಿತು, ಜನ ಎಣಿಸುತ್ತ ಹೋದರು. ಹನ್ನೆರಡಕ್ಕೆ ಸಾಲು ಚೀಲ ಮುಟ್ಟಿತು. “ಚೀಲ ತುಂಬ್ತು, ಕಟ್ರಪೋ!” ಎಂದು ಯಾರೋ ಕೂಗಿದರು. ಎಲ್ಲರೂ ನಕ್ಕರು. ನನ್ನ ಕಣ್ಣಲ್ಲಿ ನೀರು ಬಂದಿತ್ತು.

ಬಿಳಿ ಅಂಗಿಯ ಒಬ್ಬ ಗಿರಣಿ ಮಾಲೀಕರು ಕೇಳಿದರು, “ಅಲ್ರಿ, ಹನುಮಪ್ಪಗೂ ಈ ಟಿವಿಗೂ ಏನ್ ಸಂಬಂಧ?”

ಉತ್ತರ ಕೊಟ್ಟವಳು ಹುಲಿಗೆವ್ವ. ಬುತ್ತಿಯ ಗಂಟನ್ನು ಕೆಳಗಿಟ್ಟು ಸೆರಗು ಸರಿಮಾಡಿಕೊಂಡು ಹೇಳಿದಳು. “ಆ ಪೆಟಗಿ ಕೊಳಗ ಇದ್ದಂಗ್ರಿ. ಕೊಳಗ ಕಣ್ಣಿಗೆ ಕಾಣ್ತೈತಿ. ಕಾಳೂ ಕಾಣ್ತಾವ. ನಮ್ಮಪ್ಪನ ಎಣಿಕಿ ಕಾಣ್ತಿತ್ತೇನ್ರಿ? ಬರೇ ಕೇಳ್ತಿತ್ತು. ಎಣಿಕಿ ಇಲ್ಲದ ಕೊಳಗ ಬರೇ ಡಬ್ಬಿ. ಇವರು ಪೆಟಗಿ ಒಳಗ ಎಣಿಕಿ ಇಟ್ಟಾರ. ಕೊಳಗ ಒಡದ್ರ ಬ್ಯಾರೆ ಕೊಳಗ ತರಬೋದು, ಎಣಿಕಿ ಒಡಿಯೂದಿಲ್ಲ. ಅದನ್ನ ಮಾರಾಕ ಬಂದಾರ.”

“ಹನುಮಪ್ಪ ನಡುವ ಎದ್ದು ಬೀಡಿ ಸೇದಾಕ ಹೋಗ್ತಿದ್ದ ನೋಡವ್ವ” ಎಂದ ಖಾಸೀಮಸಾಬ.

“ಇದು ಬೀಡಿ ಸೇದೂದಿಲ್ಲ ಕಾಕಾ” ಎಂದಳು.

ಮತ್ತೆ ನಗೆ. ಆದರೆ ಈ ಸಲ ಯಾರೂ ಹೋಗಲಿಲ್ಲ. ಮಾಲೀಕರು ಕುರ್ಚಿ ಎಳೆದು ಕೂತು, “ಎಲ್ಲಿ, ನನ್ನ ಗೋದಾಮಿಂದು ಎಣಸಿ ತೋರಸ್ರಿ ನೋಡೂಣು” ಎಂದರು. ಸಂಜೆಯವರೆಗೆ ಮಳಿಗೆಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಶ್ರೀಧರ ನಡುವೆ ಬಿಡುವಾದಾಗ ನನ್ನ ಹತ್ತಿರ ಬಂದು ಹೇಳಿದ, “ನಾನು ಏನು ಕೆಲಸ ಮಾಡ್ತೀನಿ ಅಂತ ನಮ್ಮಪ್ಪನಿಗೆ ಇವತ್ತಿನವರೆಗೂ ತಿಳಿಸೋಕಾಗಿಲ್ಲ ಈರಣ್ಣನೋರೆ. ಊರಿಗೆ ಹೋದ್ರೆ ಈಗ ಹೇಳ್ತೀನಿ. ನಿಮ್ಮ ತಂಗಿ ಬಣ್ಣ ತಪ್ಪಿ ಕಲಸಿದ್ದೇ ನಮ್ಮ ಪುಣ್ಯ.”

ಆಗಲಾದರೂ ಸತ್ಯ ಹೇಳಬಹುದಿತ್ತು. ಹೇಳಲಿಲ್ಲ.

ಜನ ಕರಗಿದ ಮೇಲೆ ಹುಲಿಗೆವ್ವ ಒದ್ದೆ ಬಟ್ಟೆ ತೆಗೆದುಕೊಂಡು ಉಳಿದ ಡಿಸ್ಟೆಂಪರನ್ನು ಒರೆಸಿದಳು. ಒರೆಸಿದಲ್ಲೆಲ್ಲ ಎಣ್ಣೆ ಬಣ್ಣ ಆಗಷ್ಟೇ ಹಚ್ಚಿದಂತೆ ಮಿನುಗಿತು. ಬಲ ಮೂಲೆಯಲ್ಲಿ ಅವಳು ಬಣ್ಣ ಹಚ್ಚದೆ ಬರೀ ಬಟ್ಟೆ ಬಿಟ್ಟಿದ್ದಳು. ಹಾಗಾಗಿ ಅಲ್ಲಿ ನನ್ನ ಬಿಳಿ ಗಟ್ಟಿಯಾಗಿ ಹಿಡಿದಿತ್ತು. ಅದರ ಮೇಲಿನ ನನ್ನ ಹೆಸರೂ ಹಾಗೇ ಇತ್ತು. ಅಲ್ಲಿಗೆ ಬಂದು ಅವಳ ಕೈ ನಿಂತಿತು.

ಶ್ರೀಧರ ಹೇಳಿದ, “ಅದನ್ನೂ ಒರೆಸಿಬಿಡಮ್ಮ. ಚಿತ್ರ ನಿಂದು ಅಂತ ನೀನು ವಿವರಿಸಿದಾಗ್ಲೇ ಎಲ್ಲರಿಗೂ ಗೊತ್ತಾಯ್ತಲ್ಲ. ನಿನ್ನ ಹೆಸರು ಬರಿ.”

ಹುಲಿಗೆವ್ವ ನನ್ನ ಕಡೆ ನೋಡಿದಳು. “ಅಣ್ಣಾ, ಬರದು ತೋರಸು. ಹೋಟೆಲ್ಲಿನ ‘ಹ’ ಗೊತ್ತು, ಗೊಬ್ಬರದ ‘ಗ’ ಗೊತ್ತು, ‘ಲಿ’ನೂ ಬರ್ತೈತಿ. ಕೊನಿ ಅಕ್ಷರ ಬರೂದಿಲ್ಲ. ‘ವ್ವ’ ಅನ್ನೂದನ್ನ ನೀ ಯಾವ ಬೋರ್ಡಿಗೂ ಬರದಿಲ್ಲಲ್ಲ.”

ಅವಳು ಹೇಳಿದ್ದು ನಿಜ. ಬಸಪ್ಪ, ಶರಣಪ್ಪ, ಮಹಿಬೂಬಸಾಬ, ಅಂಡ್ ಸನ್ಸ್, ಅಂಡ್ ಬ್ರದರ್ಸ್ ಎಂದೆಲ್ಲ ಬರೆದಿದ್ದೆ. ನಮ್ಮ ಊರಿನ ಅಂಗಡಿಗಳ ಮೇಲೆ ಯಾವ ಹೆಂಗಸಿನ ಹೆಸರೂ ಇರಲಿಲ್ಲ. ನಾನು ಗೆರೆ ಎಳೆದುಕೊಟ್ಟದ್ದನ್ನು ತುಂಬಿ ತುಂಬಿಯೇ ಅವಳು ಅಕ್ಷರ ಕಲಿತಿದ್ದಳು. ಅವಳ ಹೆಸರಿನ ಕೊನೆಯ ಅಕ್ಷರ ನನ್ನ ಬ್ರಷ್ಷಿನಿಂದ ಒಮ್ಮೆಯೂ ಬಂದಿರಲಿಲ್ಲ.

ನನ್ನ ಚೀಲದಲ್ಲಿ ಬ್ರಷ್ ಇತ್ತು, ಬಣ್ಣವೂ ಇತ್ತು. ಆದರೆ ನಾಲ್ಕು ಜನ ನೋಡುತ್ತಿದ್ದರು. “ಬ್ರಷ್ ತಂದಿಲ್ಲ, ನಾಳಿ ಬರಿಯೂಣು” ಎಂದೆ.

ಮರುದಿನ ಪ್ರದರ್ಶನದ ಕೊನೆಯ ದಿನ. ಬೇಕೆಂದೇ ತಡ ಮಾಡಿ ಸಂಜೆ ಹೋದೆ. ನಾನು ಹೋಗುವ ಹೊತ್ತಿಗೆ ಅವರು ಮಳಿಗೆ ಬಿಚ್ಚಿ, ಬಟ್ಟೆ ಸುತ್ತಿ ಲಾರಿಗೆ ಹಾಕಿದ್ದರು. ಅಪ್ಪ ನನ್ನ ಹೆಸರಿನ ಜೊತೆ ಹೈದರಾಬಾದಿಗೆ ಹೋದ.

ಹುಲಿಗೆವ್ವ ಎಂದಿನಂತೆ ಬ್ರಷ್ ತೊಳೆದಳು, ಅಕ್ಷರ ತುಂಬಿದಳು. ರಟ್ಟಿನ ಮೇಲೆ ಬರೆಯುವುದನ್ನು ಮಾತ್ರ ನಿಲ್ಲಿಸಿದಳು. ಸಂಜೆ ಕೆಲಸ ಮುಗಿದ ಮೇಲೆ ಸುಮ್ಮನೆ ಕೂತಿರುತ್ತಿದ್ದಳು. ಒಂದು ಖಾಲಿ ರಟ್ಟನ್ನು ನಾನೇ ಅವಳ ಪಕ್ಕ ಇಟ್ಟು ನೋಡಿದೆ. ಅವಳು ಅದರಿಂದ ಒಲೆಗೆ ಗಾಳಿ ಬೀಸಿದಳು. ಅವ್ವ ಒಂದು ದಿನ, “ಯಾಕಲೇ ಈರ್ಯಾ, ಹುಡುಗಿ ಕೈ ಸತ್ತಂಗ ಆಗೈತಿ” ಎಂದಳು. ನನಗೆ ಊಟ ಸೇರಲಿಲ್ಲ.

ತಿಂಗಳು ಕಳೆದಿರಬೇಕು, ಟಪಾಲಿನವನು ಒಂದು ಲಕೋಟೆ ತಂದ. ಶ್ರೀಧರನದು. ಬೇರೆ ಎರಡು ಊರುಗಳ ಪ್ರದರ್ಶನದಲ್ಲೂ ಆ ಚಿತ್ರ ಕಟ್ಟಿದರಂತೆ. ಇನ್ನೊಂದು ಕಂಪನಿಯವರು ನೇಕಾರರಿಗಾಗಿ ಹೀಗೆಯೇ ಒಂದು ಲೆಕ್ಕದ ಕ್ರಮ ಮಾಡಿದ್ದಾರಂತೆ, ಅವರಿಗೂ ಚಿತ್ರ ಬೇಕಂತೆ. “ನಿಮ್ಮ ಕೈಯಿಂದಲೇ ಆಗಬೇಕು” ಎಂದು ಬರೆದಿದ್ದ. ಪತ್ರವನ್ನು ಅವಳಿಗೆ ಓದಿ ಹೇಳುವವನು ನಾನೊಬ್ಬನೇ. ಏನು ಬೇಕಾದರೂ ಓದಬಹುದಿತ್ತು. ಆ ಯೋಚನೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಆ ದಿನ ಇದ್ದದ್ದನ್ನು ಇದ್ದ ಹಾಗೆ ಓದಿದೆ.

ಅವಳು ಪತ್ರ ಕೇಳಿಸಿಕೊಂಡಳು. ಆಮೇಲೆ ಲಕೋಟೆಯನ್ನು ಕೈಗೆ ತೆಗೆದುಕೊಂಡಳು. ಅದರ ಮೇಲೆ ದುಂಡಗಿನ ಕನ್ನಡದಲ್ಲಿ ಮೊದಲ ಸಾಲು ‘ಕುಮಾರಿ ಹುಲಿಗೆವ್ವ’ ಎಂದು ಇತ್ತು. ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಹೋದಳು. ಕೊನೆಯದರ ಮೇಲೆ ಬೆರಳು ನಿಂತಿತು. “ಇದಾ ಏನಣ್ಣಾ?” ಎಂದಳು.

“ಹ್ಞೂಂ. ಅದಾ.”

“ಕಾಲಾಗ ಕೂಸಿನ್ನ ಕುಂದ್ರಿಸಿಕೊಂಡಂಗ ಐತಿ” ಎಂದು ನಕ್ಕಳು. ಪಕ್ಕದಲ್ಲಿದ್ದ ಸಣ್ಣ ಬ್ರಷ್ ತೆಗೆದುಕೊಂಡು, ಅಂಗಡಿಯ ಬಾಗಿಲ ಹಲಗೆಯ ಒಳಮೈ ಮೇಲೆ, ಲಕೋಟೆ ನೋಡಿಕೊಂಡು ತನ್ನ ಹೆಸರು ಬರೆದಳು. ಕೆಂಪು ಬಣ್ಣದಲ್ಲಿ. ನಾನು ಕೊಡದೇ ಹೋದ ಅಕ್ಷರವನ್ನು ಅವಳು ಪರವೂರಿನ ಒಬ್ಬನ ಲಕೋಟೆಯಿಂದ ತೆಗೆದುಕೊಂಡಳು.

ನೇಕಾರರ ಚಿತ್ರವನ್ನು ಅವಳು ಬರೆದಳು, ಇನ್ನೂ ಒಂದನ್ನು ಬರೆದಳು. ಎರಡರ ಮೂಲೆಯಲ್ಲೂ ಅವಳದೇ ಹೆಸರು. ಆಮೇಲೆ ಮದುವೆಯಾಗಿ ನವಲಿಗೆ ಹೋದಳು. ಈಗ ಮೊಮ್ಮಕ್ಕಳಿದ್ದಾರೆ. ನಾನು ಹೋದಾಗಲೆಲ್ಲ ಬಿಸಿ ರೊಟ್ಟಿ ಹಾಕುತ್ತಾಳೆ, ಹಳೆಯ ಮಾತು ತೆಗೆಯುವುದಿಲ್ಲ. ಬಿಳಿ ಹಚ್ಚಿದವನು ನಾನು, ತಪ್ಪು ಬಣ್ಣ ಅವಳು ಕಲಸಲಿಲ್ಲ ಎಂಬ ಒಂದು ಮಾತನ್ನು ನಾನೂ ತೆಗೆದಿಲ್ಲ. ಶ್ರೀಧರ ಎಲ್ಲಿದ್ದಾನೋ, ಇಂದಿಗೂ ಹಾಗೇ ತಿಳಿದುಕೊಂಡಿರಬೇಕು. ಇದನ್ನು ಅವನು ಓದಿದರೆ ಸಾಕು.

ಅಂಗಡಿಗೆ ಅದಾದ ಮೇಲೆ ನಾಲ್ಕಾರು ಸಲ ಬಣ್ಣ ಹೊಡೆದಿದ್ದೇನೆ. ಆ ಹಲಗೆಯ ಹತ್ತಿರ ಬಂದಾಗ ಕೈ ತಾನಾಗಿ ನಿಲ್ಲುತ್ತದೆ. ಹೆಸರಿನ ಸುತ್ತ ಒಂದು ಗೇಣು ಜಾಗ ಬಿಟ್ಟು ಬಣ್ಣ ಹಚ್ಚುತ್ತೇನೆ.